ಊತ ಇಳಿದ ಮೇಲೆ

ನನ್ನ ಮುಖದ ಮೇಲೆ ಈಗ ಇರುವ ಮೂಗು ನಾನು ಹುಟ್ಟುವಾಗ ತಂದದ್ದಲ್ಲ. ತೊಂಬತ್ತಮೂರರ ಬೇಸಿಗೆ ರಜದಲ್ಲಿ ಮೈಸೂರಿನ ಒಬ್ಬ ಡಾಕ್ಟರ ಹತ್ತಿರ ಹೋಗಿ, ಹೀಗೆ ಬೇಕು ಎಂದು ಕೇಳಿ ಮಾಡಿಸಿಕೊಂಡದ್ದು. ಇದನ್ನು ಬಾಯಿಬಿಟ್ಟು ಹೇಳಿರುವುದು ಇಬ್ಬರಿಗೆ ಮಾತ್ರ. ಒಬ್ಬರು ನನ್ನ ಗಂಡ, ಅವರಿಗೆ ಹೇಳದಿದ್ದರೂ ಗೊತ್ತಾಗುತ್ತಿತ್ತು. ಇನ್ನೊಬ್ಬರು ಅಪ್ಪ. ಅಪ್ಪನಿಗೆ ಹೇಳುವುದಕ್ಕೆ ನಾಲ್ಕು ವರ್ಷ ತೆಗೆದುಕೊಂಡೆ. ಆ ನಾಲ್ಕು ವರ್ಷ ನಾನು ಸುಮ್ಮನಿದ್ದದ್ದರಿಂದ ಏನಾಯಿತು ಎನ್ನುವುದನ್ನು ಬರೆಯಬೇಕು. ಬರೆದರೆ ಮನಸ್ಸು ಹಗುರವಾಗುತ್ತದೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಆದರೂ ಬರೆಯುತ್ತೇನೆ.

ಅಪ್ಪ ಕೆ.ಆರ್. ಪೇಟೆಯಲ್ಲಿ ಅಕ್ಕಸಾಲಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ದೊಡ್ಡ ಒಡವೆ ಮಾಡಿಸುವವರು ಆಗಲೇ ಮೈಸೂರಿನ ಗಾಜಿನ ಅಂಗಡಿಗಳ ಕಡೆ ಮುಖ ಮಾಡಿದ್ದರು. ಆದರೆ ಕಿವಿ, ಮೂಗು ಚುಚ್ಚಿಸುವುದಕ್ಕೆ ಮಾತ್ರ ಸಿಂಧಘಟ್ಟದಿಂದ, ಗೋವಿಂದನಹಳ್ಳಿಯಿಂದ, ಅತ್ತ ಹೊಣಕೆರೆ ಕಡೆಯಿಂದಲೂ ಮಕ್ಕಳನ್ನು ಎತ್ತಿಕೊಂಡು ನಮ್ಮ ಜಗಲಿಗೇ ಬರುತ್ತಿದ್ದರು. ಆಚಾರ್ರ ಕೈಗುಣ ಒಳ್ಳೆಯದು ಎನ್ನುತ್ತಿದ್ದರು. ಅಪ್ಪ ಚುಚ್ಚಿದರೆ ಮಗು ಒಂದು ಸಲ ಕಿರುಚಿ ಸುಮ್ಮನಾಗುತ್ತಿತ್ತು, ಊದಿಕೊಳ್ಳುತ್ತಿರಲಿಲ್ಲ, ಕೀವಾಗುತ್ತಿರಲಿಲ್ಲ. ಚುಚ್ಚಿದ ತೂತು ಮುಚ್ಚಿಕೊಳ್ಳದ ಹಾಗೆ ಬೇವಿನ ಕಡ್ಡಿಯನ್ನು ಸೂಜಿಗಿಂತ ತೆಳ್ಳಗೆ ಹೆರೆದು, ಎಣ್ಣೆ ಅರಿಶಿನದಲ್ಲಿ ಅದ್ದಿ ಇಡುತ್ತಿದ್ದ. ವಾರದ ಮೇಲೆ ಬಂದರೆ ಕಡ್ಡಿ ತೆಗೆದು ಚಿನ್ನ ಹಾಕುತ್ತಿದ್ದ. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ನನ್ನ ಮೂಗನ್ನೂ ಚುಚ್ಚಿದ್ದು ಅಪ್ಪನೇ, ಅಳಬಾರದೆಂದು ಬಾಯಿಗೆ ಕಲ್ಲುಸಕ್ಕರೆ ಇಟ್ಟವನೂ ಅಪ್ಪನೇ.

ಇನ್ನು ಆ ಮೂಗಿನ ವಿಷಯ. ಅದು ನಮ್ಮ ಮನೆತನದ ಮೂಗು. ಅಪ್ಪನಿಗೆ ಇತ್ತು, ಗಂಡ ಸತ್ತ ಮೇಲೆ ನಮ್ಮ ಜೊತೆಯೇ ಇದ್ದ ಸೋದರತ್ತೆಗೆ ಇತ್ತು, ನಾನು ನೋಡದ ಅಜ್ಜಿಗೆ ಇತ್ತು. ಹುಬ್ಬಿನಿಂದ ನೆಟ್ಟಗೆ ಹೊರಟು, ನಡುವೆ ಕಬ್ಬಿನ ಗೆಣ್ಣಿನ ಹಾಗೆ ಉಬ್ಬಿ, ತುದಿ ಕೆಳಕ್ಕೆ ಬಾಗುವ ಮೂಗು. ಅಪ್ಪ ಅದನ್ನು ಗೆಣ್ಣು ಅಂತಲೇ ಕರೆಯುತ್ತಿದ್ದ. ಅಂಗಡಿಗೆ ಯಾರು ಬಂದರೂ ನನ್ನನ್ನು ತೋರಿಸಿ, "ನಮ್ಮವ್ವನ ಮೂಗು ನೋಡಿ, ಅಂಗೇ ಬಂದದೆ" ಎನ್ನುವುದು ಅವನ ರೂಢಿ. ನನ್ನನ್ನು ಅವ್ವ ಎಂದೇ ಕರೆಯುತ್ತಿದ್ದ. ನಮ್ಮ ಕಡೆ ಎಲ್ಲ ಅಪ್ಪಂದಿರೂ ಮಗಳನ್ನು ಹಾಗೆ ಕರೆಯುತ್ತಾರೆ, ಆದರೆ ನಮ್ಮಪ್ಪ ಅದಕ್ಕೆ ಸಾಕ್ಷಿಯಾಗಿ ಮೂಗನ್ನೂ ತೋರಿಸುತ್ತಿದ್ದ.

ನಾನು ಪಾಂಡವಪುರದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ. ಮಕ್ಕಳು ನನ್ನನ್ನು ಗರುಡ ಮಿಸ್ಸು ಎನ್ನುತ್ತಾರೆಂದು ಗೊತ್ತಿತ್ತು. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಗರುಡನ ಕಣ್ಣೂ ನನಗೆ ಇದೆ ಎಂದು ಪರೀಕ್ಷೆಯ ಕೋಣೆಯಲ್ಲಿ ಅವರಿಗೆ ತಿಳಿಯುತ್ತಿತ್ತು. ನನ್ನನ್ನು ಚುಚ್ಚಿದ್ದು ಬೇರೆ. ತೊಂಬತ್ತೆರಡರಲ್ಲಿ ಶ್ರೀರಂಗಪಟ್ಟಣದವರು ಹೆಣ್ಣು ನೋಡಲು ಬಂದರು. ಅವರು ಮೂರನೆಯವರು, ಮೊದಲಿನ ಎರಡು ಕಡೆಯವರು ಕಾರಣ ಹೇಳದೆ ಹೋಗಿದ್ದರು. ಈ ಹುಡುಗನ ತಾಯಿ ಮಾತ್ರ ಮುಚ್ಚುಮರೆ ಇಲ್ಲದ ಹೆಂಗಸು. ನಾನು ಚಾಪೆಯ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದೆ. ತಗ್ಗಿಸಿದರೆ ಮೂಗು ಇನ್ನೂ ಉದ್ದ ಕಾಣುತ್ತದೆಂದು ಹೊಳೆದು ಎತ್ತಿದೆ. ಆಕೆ ನನ್ನನ್ನು ಪಕ್ಕದಿಂದ ನೋಡಿ, "ಎಲ್ಲ ಸರಿಯಾಗದೆ, ಓದವ್ಳೆ, ಕೆಲಸ ಅದೆ. ಮೂಗೊಂದು ವಸಿ ಜಾಸ್ತಿಯಾಯ್ತು" ಅಂದಳು.

ಅಪ್ಪ ನಕ್ಕ. "ನಮ್ಮವ್ವನ ಮೂಗು ಕಣವ್ವ. ಏನ್ಮಾಡಕಾಯ್ತದೆ?" ಅಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಂದವರು ತಿಂಡಿ ತಿಂದು, ಕಾಗದ ಬರೆಯುತ್ತೇವೆಂದು ಹೋದರು. ಕಾಗದ ಬರಲಿಲ್ಲ. ನನಗೆ ಆಕೆಯ ಮಾತಿಗಿಂತ ಅಪ್ಪನ ನಗು ನಾಟಿತು. ಏನು ಮಾಡುವುದಕ್ಕಾಗುತ್ತದೆ ಅಂತೆ. ಮಾಡುವುದಕ್ಕೆ ಆಗುತ್ತದೆ ಎಂದು ನಾನೊಂದು ವಾರಪತ್ರಿಕೆಯಲ್ಲಿ ಓದಿದ್ದೆ. ಆ ಸಿಟ್ಟಿನಲ್ಲೇ ಮುಂದಿನ ರಜದ ತನಕ ಸಂಬಳ ಉಳಿಸಿದೆ.

ಅಪ್ಪನಿಗೆ ಹೇಳಿದ ಸುಳ್ಳು ತೀರಾ ಸುಳ್ಳಲ್ಲ, ಅದೇ ಅದರ ಕೆಟ್ಟತನ. ನನಗೆ ಸದಾ ನೆಗಡಿ. ಮೂಗಿನ ಒಳಗೆ ಮೂಳೆ ಸೊಟ್ಟಗಿದೆ, ಉಸಿರಿಗೆ ತೊಂದರೆ, ಆಪರೇಷನ್ ಆಗಬೇಕಂತೆ ಎಂದೆ. ಮೂಳೆ ಒಂದಿಷ್ಟು ಸೊಟ್ಟಗಿದ್ದದ್ದೂ ನಿಜವೇ. ಹೊರಗಿನ ಗೆಣ್ಣನ್ನು ತೆಗೆಸುತ್ತೇನೆ ಎನ್ನುವ ಭಾಗ ಮಾತ್ರ ಹೇಳಲಿಲ್ಲ. ಡಾಕ್ಟರು ಮನೆಯವರಿಗೆ ಗೊತ್ತಾ ಎಂದು ಕೇಳಿದರು. ಗೊತ್ತು ಎಂದೆ. ಅಪ್ಪ ಹೊರಗೆ ಬೆಂಚಿನ ಮೇಲೆ, ಮಡಿಲಲ್ಲಿ ನನ್ನ ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದ.

ಆಪರೇಷನ್ ಆದ ಮೂರನೆಯ ದಿನ ಮೂಗಿನೊಳಗೆ ತುರುಕಿದ್ದ ಬತ್ತಿ ತೆಗೆದು ಮನೆಗೆ ಕಳಿಸಿದರು. ಮೂಗಿನ ಮೇಲೆ ಪ್ಲಾಸ್ಟರಿನ ಸಣ್ಣ ಗುಬುಟು, ಅದರ ಎರಡು ಕಡೆಗೂ ಕೆನ್ನೆಯ ತನಕ ಅಂಟುಪಟ್ಟಿ. ಕಣ್ಣಿನ ಸುತ್ತ ನೇರಳೆ ಹಣ್ಣಿನ ಬಣ್ಣ. ರೆಪ್ಪೆಗಳು ಊದಿಕೊಂಡು ಲೋಕವೆಲ್ಲ ಒಂದು ಗೆರೆಯಷ್ಟೇ ಕಾಣುತ್ತಿತ್ತು. ಬಸ್ಸಿನಲ್ಲಿ ಅಪ್ಪ ಧೂಳು ಬೀಳದ ಹಾಗೆ ಕಿಟಕಿಗೆ ತನ್ನ ಟವೆಲನ್ನು ಹಿಡಿದುಕೊಂಡೇ ಬಂದ. ಶ್ರೀರಂಗಪಟ್ಟಣದಲ್ಲಿ ಬಸ್ಸು ನಿಂತಾಗ ನನಗೆ ಆ ಹೆಂಗಸು ಹತ್ತಿ ಬರಲಿ, ಈಗ ನೋಡಲಿ ಎನ್ನಿಸಿತು. ಆಕೆ ಯಾಕೆ ಬರುತ್ತಾಳೆ? ಕಡಲೆಕಾಯಿ ಮಾರುವವನು ಹತ್ತಿ, ನನ್ನ ಮುಖ ನೋಡಿ, ಏನೂ ಕೂಗದೆ ಇಳಿದುಹೋದ.

ಊತ ಇಳಿಸುವ ಕೆಲಸವನ್ನು ಅಪ್ಪ ವಹಿಸಿಕೊಂಡ. ಡಾಕ್ಟರು ಹೇಳಿದ್ದನ್ನೆಲ್ಲ ಅಪ್ಪ ಹೊರಗೆ ನರ್ಸಿನಿಂದ ಎರಡು ಸಲ ಕೇಳಿಕೊಂಡು ಬಂದಿದ್ದ. ತಲೆ ಎತ್ತರದಲ್ಲಿರಬೇಕು, ಅಂಗಾತವೇ ಮಲಗಬೇಕು, ಬಗ್ಗಬಾರದು, ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಉಪ್ಪು ಕಡಿಮೆ, ಬಿಸಿ ಬಿಸಿ ತಿನ್ನಬಾರದು. ಕಣ್ಣಿಗೂ ಕೆನ್ನೆಗೂ ತಣ್ಣಗೆ ಒತ್ತಬೇಕು, ಮೂಗಿನ ಮೇಲೆ ಮಾತ್ರ ಭಾರ ಬೀಳಬಾರದು. ಅಪ್ಪ ಗೋಡೆಗೆ ಹಾಸಿಗೆಯ ಸುರುಳಿ ಒರಗಿಸಿ, ಅದರ ಮೇಲೆ ಮೂರು ದಿಂಬು ಇಟ್ಟು, ನಾನು ಹೊರಳದ ಹಾಗೆ ಎರಡು ಕಡೆಗೂ ಕಂಬಳಿ ಸುತ್ತಿ ಇಟ್ಟ. ತೊಟ್ಟಿಲಲ್ಲಿ ಹಾಕಿದ ಹಾಗೆ ಇದ್ದೆ.

ನಮ್ಮ ಮನೆಯಲ್ಲಿ ಫ್ರಿಜ್ಜು ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಐಸ್‌ಕ್ಯಾಂಡಿ ಮಾಡುವ ಕಡೆ ಅಪ್ಪ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಸೈಕಲ್ಲಿನಲ್ಲಿ ಹೋಗಿ, ಡಬ್ಬಿಯೊಳಗೆ ಭತ್ತದ ಹೊಟ್ಟು ತುಂಬಿ ಅದರ ನಡುವೆ ಮಂಜುಗಡ್ಡೆ ಹೂತು ತರುತ್ತಿದ್ದ. ಚಿನ್ನ ತಟ್ಟುವ ಅಡಿಗಲ್ಲಿನ ಮೇಲೆ ಹಳೆಯ ಪಂಚೆಯ ತುಂಡು ಹಾಸಿ, ಸಣ್ಣ ಸುತ್ತಿಗೆಯಿಂದ ಅದನ್ನು ಕಡಲೆಯಷ್ಟು ಕಡಲೆಯಷ್ಟಾಗಿ ಒಡೆಯುತ್ತಿದ್ದ. ದೊಡ್ಡ ಚೂರಾದರೆ ಕೆನ್ನೆಗೆ ಸರಿಯಾಗಿ ಕೂರುವುದಿಲ್ಲವಂತೆ. ಪುಟ್ಟ ಗಂಟು ಕಟ್ಟಿ, ಕಣ್ಣಿನ ಕೆಳಗೆ ಒತ್ತದೆ ಬರೀ ತಾಗಿಸಿ ಹಿಡಿಯುತ್ತಿದ್ದ. ಗಡಿಯಾರ ನೋಡಿ ಹತ್ತು ನಿಮಿಷ, ಆಮೇಲೆ ಬಿಡುವು, ಮತ್ತೆ ಹತ್ತು ನಿಮಿಷ. ನಲವತ್ತು ವರ್ಷ ಬೆಂಕಿಯ ಮುಂದೆ ಕೂತು ಕೆಂಡಕ್ಕೆ ಹೆದರದಿದ್ದ ಬೆರಳುಗಳು ಮಂಜುಗಡ್ಡೆಗೆ ಜೋಮು ಹಿಡಿಯುತ್ತಿದ್ದವು. ಕೈ ಬದಲಾಯಿಸುವಾಗ ತೊಡೆಗೆ ತಿಕ್ಕಿಕೊಳ್ಳುವ ಸದ್ದು ನನಗೆ ಕೇಳಿಸುತ್ತಿತ್ತು.

"ಊತ ಅಂದ್ರೆ ಕಾವು ಕಣವ್ವ," ಎನ್ನುತ್ತಿದ್ದ. "ಕಾವಿರೋಗಂಟ ಆಕಾರ ನಿಲ್ಲಕಿಲ್ಲ. ತಣ್ಣಗಾಗ್ಲಿ, ಆಮೇಲೆ ಎಂಗಿತ್ತೋ ಅಂಗೇ ಬತ್ತದೆ."

ಹೇಗಿತ್ತೋ ಹಾಗೇ ಬರುತ್ತದೆ ಎಂದು ಅವನು ಸಮಾಧಾನ ಹೇಳುತ್ತಿದ್ದ. ಹಾಗೇ ಬಾರದಿರಲಿ ಎಂದು ನಾನು ಕಣ್ಣುಮುಚ್ಚಿ ದೇವರನ್ನು ಕೇಳಿಕೊಳ್ಳುತ್ತಿದ್ದೆ. ಇಬ್ಬರೂ ಒಂದೇ ಗಂಟಿನ ಎರಡು ಕಡೆ ಇದ್ದೆವು.

ಅತ್ತೆಗೆ ಈ ತಣ್ಣನೆಯ ಚಿಕಿತ್ಸೆ ಸುತರಾಂ ಹಿಡಿಸಲಿಲ್ಲ. ಊತಕ್ಕೆ ಶಾಖ ಕೊಡಬೇಕೆಂದು ಅವಳ ಪಾಠ. ಒಂದು ದಿನ ಅಪ್ಪ ಐಸಿಗೆ ಹೋಗಿದ್ದಾಗ ಹುರಿದ ಉಪ್ಪಿನ ಗಂಟು ಹಿಡಿದು ಬಂದೇಬಿಟ್ಟಳು. ನಾನು ಮುಖ ತಿರುಗಿಸಲೂ ಆಗದೆ ಕೈ ಅಡ್ಡ ಹಿಡಿದೆ. ಅಷ್ಟರಲ್ಲಿ ಅಪ್ಪ ಬಂದು ಗಂಟು ಕಿತ್ತುಕೊಂಡ.

"ಅವಳ ಮೂಗು ಕೆಟ್ಟೋದ್ರೆ ಏನಕ್ಕಾ ಮಾಡಾದು?" ಎಂದು ಕೇಳಿದ.

"ನಂದೂ ನಿಂದೂ ಅದೇ ಮೂಗು ಕಣ್ಲಾ. ಅಷ್ಟು ಬೇಗ ಕೆಡೋ ಮೂಗಲ್ಲ ಅದು," ಎಂದು ಅತ್ತೆ ಗಂಟನ್ನು ತನ್ನ ಮಂಡಿಗೇ ಒತ್ತಿಕೊಂಡು ಕೂತಳು. ನಗು ಬಂದು ಮೂಗಿನ ಬುಡದವರೆಗೂ ನೋವೆದ್ದಿತು.

ಒಂಬತ್ತನೆಯ ದಿನ ಮೈಸೂರಿಗೆ ಹೋಗಿ ಪ್ಲಾಸ್ಟರು ತೆಗೆಸಿದೆವು. ಡಾಕ್ಟರು ಕನ್ನಡಿ ಕೊಟ್ಟರು. ಕನ್ನಡಿಯಲ್ಲಿ ಇದ್ದದ್ದು ದಪ್ಪ ಬದನೆಕಾಯಿ. ಗೆಣ್ಣು ಇದೆಯೋ ಇಲ್ಲವೋ ಯಾರೂ ಹೇಳುವ ಹಾಗಿರಲಿಲ್ಲ. ಮೇಲಿನ ಊತ ಕೆಲವು ವಾರದಲ್ಲಿ ಇಳಿಯುತ್ತದೆ, ತುದಿಯದು ತಿಂಗಳುಗಟ್ಟಲೆ ಹಿಡಿಯುತ್ತದೆ, ತಾಳ್ಮೆ ಇರಲಿ ಎಂದರು. ಮೂಗುಬೊಟ್ಟನ್ನು ಆರು ತಿಂಗಳು ಹಾಕಲೇಬಾರದು, ತೂತಿನ ತಂಟೆಗೇ ಹೋಗಬೇಡಿ ಎಂದರು. ಆಪರೇಷನ್ನಿನ ದಿನ ತೆಗೆದ ಬೊಟ್ಟು ಅಪ್ಪನ ಜೇಬಿನಲ್ಲಿ ಕಾಗದದ ಪೊಟ್ಟಣದಲ್ಲಿತ್ತು.

ಹೊರಗೆ ಬಂದಾಗ ಅಪ್ಪ ಕೇಳಿದ್ದೇ ಅದನ್ನು. "ಬೊಟ್ಟು ಯಾವಾಗ ಇಕ್ಬೋದಂತೆ?"

ಆರು ತಿಂಗಳು ಎಂದರೆ ಅಪ್ಪನಿಗೆ ಅನುಮಾನ ಬರುತ್ತದೆ, ಒಳಗಿನ ಮೂಳೆಗೂ ಹೊರಗಿನ ತೂತಿಗೂ ಏನು ಸಂಬಂಧ ಎಂದು ಕೇಳುತ್ತಾನೆ ಎಂದು ನನ್ನ ತಲೆ ಓಡಿತು. "ಸ್ವಲ್ಪ ದಿನ ಬಿಟ್ಟು" ಎಂದೆ. ನನ್ನ ಜೀವನದಲ್ಲಿ ಈ ಮೂರು ಪದಗಳಷ್ಟು ಕೆಟ್ಟ ಮಾತನ್ನು ನಾನು ಬೇರೆ ಆಡಿಲ್ಲ.

ಎರಡು ದಿನ ಕಳೆಯಿತು. ಅಕ್ಕಸಾಲಿಯ ಮಗಳ ಮೂಗು ಬರಿದಾಗಿರುವುದನ್ನು ನೋಡಿಕೊಂಡು ಇರುವುದು ಅಪ್ಪನಿಂದ ಆಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ತೂತು ಮುಚ್ಚಿಕೊಳ್ಳುತ್ತದೆ ಎನ್ನುವುದು ಅವನ ಸಂಕಟ. ತಾನು ಚುಚ್ಚಿದ್ದು ಮುಚ್ಚಿಹೋಗಿ ಮತ್ತೆ ಚುಚ್ಚಬೇಕಾದರೆ, ನೊಂದ ಮೂಗಿಗೆ ಇನ್ನೊಂದು ನೋವು. ಬೆಳಿಗ್ಗೆ ಐಸು ಇಟ್ಟು ಮುಗಿಸಿದ ಮೇಲೆ, ಬೇವಿನ ಕಡ್ಡಿ ಹೆರೆದು, ಬೆರಳಿನಿಂದ ಸವರಿ ಸವರಿ ಮುಳ್ಳಿಲ್ಲದ ಹಾಗೆ ಮಾಡಿ, ಅರಿಶಿನದೆಣ್ಣೆಯ ಬಟ್ಟಲು ಹಿಡಿದು ಬಂದ.

"ಬೊಟ್ಟು ಆಮೇಲೆ ಇಕ್ಕನ. ಇದೊಂದು ಕಡ್ಡಿ ಇರ್ಲಿ ಕಣವ್ವ, ತೂತು ಮುಚ್ಕೊಬುಟ್ಟದು," ಎಂದ.

ನಾನು ಎಚ್ಚರವಾಗಿದ್ದೆ. ಕೈ ಕಾಲು ಕಟ್ಟಿರಲಿಲ್ಲ. ಬೇಡ ಎನ್ನಬಹುದಿತ್ತು. ಬೇಡ ಎಂದರೆ ಯಾಕೆ ಎಂದು ಕೇಳುತ್ತಿದ್ದ. ಅವನ ಕೈಗುಣ ಒಳ್ಳೆಯದಲ್ಲವೇ, ಸಾವಿರ ಮೂಗಿಗೆ ಇಟ್ಟ ಕೈಯಲ್ಲವೇ ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನೆ ಮುಖ ಒಡ್ಡಿದೆ. ಕಡ್ಡಿ ಅರ್ಧ ಹೋಗಿ ನಿಂತಿತು. ಅಪ್ಪ ಒಂದಿಷ್ಟೇ ಒತ್ತಿದ. ಕಣ್ಣಿಗೆ ಕತ್ತಲೆ ಬಂತು, ಒಂದು ಹನಿ ರಕ್ತವೂ ಬಂತು. "ಆಯ್ತು, ಆಯ್ತು" ಎಂದು ಮಗುವಿಗೆ ಹೇಳುವ ಹಾಗೆ ಹೇಳಿ ಒರೆಸಿದ.

ಮಾರನೆಯ ದಿನಕ್ಕೆ ಮೂಗಿನ ಒಂದು ಪಕ್ಕ ಕೆಂಪಗೆ ಬಿಗಿದುಕೊಂಡಿತು. ಆ ಸಂಜೆಗೆ ಜ್ವರ. ಅಪ್ಪ ಕಡ್ಡಿ ತೆಗೆದಾಗ ಅದರ ಹಿಂದೆ ಕೀವು ಬಂತು. ಇಳಿಯುತ್ತಿದ್ದ ಊತವೆಲ್ಲ ಮತ್ತೆ ಕಣ್ಣಿಗೆ ಏರಿತು. ಅಪ್ಪ ಕೀವು ಒರೆಸಿದ ಬಟ್ಟೆಯ ಚೂರನ್ನು ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದ. ಅವನ ಕೈಯಲ್ಲಿ ಯಾವ ಮಗುವಿಗೂ ಹೀಗಾಗಿರಲಿಲ್ಲ.

ಮೊದಲ ಬಸ್ಸಿಗೆ ಮೈಸೂರಿಗೆ ಹೋದೆವು. ಡಾಕ್ಟರು ನನ್ನನ್ನು ಚೆನ್ನಾಗಿ ಬೈದು, ಚುಚ್ಚುಮದ್ದು ಕೊಟ್ಟು, ಮಾತ್ರೆ ಬರೆದರು. ಬೈದ ಮೇಲೆ ಹೇಳಿದರು: ಸರಿಯಾದ ಹೊತ್ತಿಗೆ ಬಂದಿರಿ, ಮೇಲುಮೇಲಿನ ಚರ್ಮಕ್ಕಷ್ಟೇ ಆಗಿದೆ, ಒಳಗೆ ಏನೂ ಕೆಟ್ಟಿಲ್ಲ, ಊತ ಇಳಿದ ಮೇಲೆ ಮೂಗು ನೀವು ಕೇಳಿದ ಹಾಗೇ ಇರುತ್ತದೆ. ಇದೆಲ್ಲ ಬಾಗಿಲು ಮುಚ್ಚಿದ ಕೋಣೆಯೊಳಗೆ. ಹೊರಗೆ ಬೆಂಚಿನ ಮೇಲಿದ್ದ ಅಪ್ಪ ನನ್ನನ್ನು ಕಂಡು ಎದ್ದುನಿಂತ.

"ವಾಸಿಯಾಗುತ್ತಂತೆ" ಎಂದೆ. ಅಷ್ಟೇ ಹೇಳಿದೆ.

ಮತ್ತೆ ಐಸು, ಮತ್ತೆ ದಿಂಬು. ಆದರೆ ಈ ಸಲ ಅಪ್ಪ ನನ್ನ ಮುಖ ಮುಟ್ಟಲಿಲ್ಲ. ಗಂಟು ಕಟ್ಟಿ ಅತ್ತೆಯ ಕೈಗೆ ಕೊಟ್ಟು, ತಾನು ಬಾಗಿಲಲ್ಲಿ ನಿಂತು, "ಒತ್ಬೇಡ, ಬರೀ ತಾಗ್ಸು" ಎನ್ನುತ್ತಿದ್ದ. ಶಾಖವೇ ಸರಿ ಎನ್ನುತ್ತಿದ್ದ ಅತ್ತೆಯೂ ಮರುಮಾತಿಲ್ಲದೆ ಹಿಡಿಯುತ್ತಿದ್ದಳು.

ಶಾಲೆ ಶುರುವಾಗುವ ಹಿಂದಿನ ವಾರ ಊತ ಬಹುಪಾಲು ಇಳಿಯಿತು. ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದಾಗ ಕನ್ನಡಿಯಲ್ಲಿ ನೋಡಿದೆ. ಗೆಣ್ಣು ಇರಲಿಲ್ಲ. ನೆಟ್ಟಗೆ ಸಣ್ಣದಾಗಿ ಇಳಿದ ಮೂಗು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಪಕ್ಕಕ್ಕೆ ತಿರುಗಿ ತಿರುಗಿ ನೋಡಿಕೊಂಡೆ. ಹಾಗೆ ನೋಡಿಕೊಳ್ಳುವಾಗಲೇ ಅತ್ತೆ ಹಿಂದಿನಿಂದ ಬಂದಳು. ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

"ಅಯ್ಯೋ, ನಮ್ಮ ಮೂಗು ಎಲ್ಲೋಯ್ತೇ?" ಎಂದಳು. ಆಮೇಲೆ ಅಂಗಡಿಯ ಕಡೆ ಕೂಗಿದಳು. "ಬಾ ಇಲ್ಲಿ, ನೋಡ್ಲಾ. ನೀನು ಕಡ್ಡಿ ಇಕ್ಕಿ ಕೀವು ತುಂಬುಸ್ದೆ, ಒಳಗಿನ ಮೂಳೆಯೇ ಕರಗೋಗದೆ. ಗೆಣ್ಣೇ ಇಲ್ಲ. ಮಗೀನ ಮೂಗ ಕೆಡಿಸ್ಬುಟ್ಟಲ್ಲೋ."

ಅಪ್ಪ ಬಂದ. ಕಿಟಕಿಯ ಬೆಳಕಿನಲ್ಲಿ ನನ್ನನ್ನು ನಿಲ್ಲಿಸಿ, ಮುಟ್ಟದೆ, ಒಡವೆ ನೋಡುವಾಗ ಒಂದು ಕಣ್ಣು ಕಿರಿದು ಮಾಡುವ ಹಾಗೆ ಮಾಡಿ, ಎಡದಿಂದ ಬಲದಿಂದ ನೋಡಿದ. ಕೂದಲೆಳೆಯಷ್ಟು ಕೊಂಕನ್ನು ಹಿಡಿಯುವ ಕಣ್ಣು ಅದು. ಇಷ್ಟು ನೇರವಾಗಿ ಕೀವು ಕೆಲಸ ಮಾಡುವುದಿಲ್ಲ, ಇದು ಅರದಿಂದ ಉಜ್ಜಿದ ಕೆಲಸ ಎಂದು ಆ ಕಣ್ಣಿಗೆ ಕಂಡೇ ಕಾಣುತ್ತದೆ ಎಂದುಕೊಂಡೆ. ಅವನಿಗೆ ಕಾಣಲಿಲ್ಲ. ತಪ್ಪು ತನ್ನದೇ ಎಂದು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದ.

"ಇಲ್ಲ," ಎಂದ. "ಗೆಣ್ಣು ಓಗ್ಬುಟ್ಟದೆ."

ಆ ಹೊತ್ತು ನನ್ನ ಬಾಯಲ್ಲಿ ಮಾತು ಬಂದಿತ್ತು. ನಾಲಿಗೆಯ ತುದಿಯಲ್ಲಿತ್ತು ಎನ್ನುತ್ತಾರಲ್ಲ, ಹಾಗೆ. ಹೇಳಿದ್ದರೆ ಒಂದು ಜಗಳ, ಎರಡು ದಿನದ ಮೌನ, ಅಷ್ಟರಲ್ಲಿ ಮುಗಿಯುತ್ತಿತ್ತು. ನಾನು ಹೇಳಿದ್ದು, "ಹೋಗಲಿ ಬಿಡಪ್ಪ, ಉಸಿರಾಟ ಸರಿಯಾಗಿದೆ" ಎಂದು. ತಪ್ಪು ಮಾಡಿದವಳು ತಪ್ಪಿಲ್ಲದವನನ್ನು ಕ್ಷಮಿಸಿದೆ. ಬರೆಯುವಾಗಲೂ ಮೈ ಉರಿಯುತ್ತದೆ.

ಆ ದಿನ ಅಪ್ಪ ಚುಚ್ಚುವ ಸೂಜಿಗಳ ಡಬ್ಬಿಯನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟ. ನನ್ನನ್ನು ಅವ್ವ ಎಂದು ಕರೆಯುವುದೂ ಅವತ್ತಿಗೇ ನಿಂತಿತು. ಮಗ ಎನ್ನತೊಡಗಿದ. ಪ್ರೀತಿ ಕಡಿಮೆಯಾಗಿತ್ತೆಂದು ನಾನು ಹೇಳಲಾರೆ. ಆ ಹೆಸರಿಗೆ ಹೊಂದುವ ಮುಖ ಎದುರಿಗೆ ಇರಲಿಲ್ಲ, ಅಷ್ಟೇ.

ಮುಂದಿನ ವರ್ಷ ನನ್ನ ಮದುವೆಯಾಯಿತು. ಹುಡುಗ ನಮ್ಮ ಶಾಲೆಯಲ್ಲೇ ಗಣಿತದ ಮೇಷ್ಟರು, ನನ್ನ ಹಳೆಯ ಮೂಗನ್ನು ಎರಡು ವರ್ಷ ದಿನವೂ ನೋಡಿದವರು. ಮದುವೆಯಾಗುತ್ತೀಯಾ ಎಂದು ಕೇಳಬೇಕೆಂದು ಆಗಲೇ ಅಂದುಕೊಂಡಿದ್ದರಂತೆ, ನನ್ನ ಬಾಯಿಗೆ ಹೆದರಿ ತಡ ಮಾಡಿದರಂತೆ. ಇದನ್ನು ಕೇಳಿ ನಗುವುದೋ ತಲೆ ಚಚ್ಚಿಕೊಳ್ಳುವುದೋ ತಿಳಿಯದೆ ಅವರಿಗೆ ಎಲ್ಲ ಹೇಳಿದೆ. ಅವರು, "ನಿಮ್ಮ ತಂದೆಗೆ ಹೇಳು" ಎಂದರು. ಹೇಳುತ್ತೇನೆ ಎಂದೆ. ಪಾಂಡವಪುರದಲ್ಲಿ ಮನೆ ಮಾಡಿದೆವು, ಕೆ.ಆರ್. ಪೇಟೆಗೆ ಭಾನುವಾರ ಭಾನುವಾರ ಹೋಗುತ್ತಿದ್ದೆ, ಪ್ರತಿ ಸಲವೂ ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ, ಇಳಿಯುವಷ್ಟರಲ್ಲಿ ನುಂಗುತ್ತಿದ್ದೆ.

ಒಂದು ಭಾನುವಾರ ಸಿಂಧಘಟ್ಟದಿಂದ ಒಬ್ಬಾಕೆ ಮಗಳನ್ನು ಕರೆದುಕೊಂಡು ಬಂದಳು. ನಾನು ಒಳಗೆ ಪರದೆಯ ಹಿಂದೆ ಅವರೆಕಾಳು ಬಿಡಿಸುತ್ತಿದ್ದೆ.

"ಆಚಾರ್ರೆ, ಮಗೀಗೆ ಮೂಗ ಚುಚ್ಚಿ. ನಂಗೂ ನೀವೇ ಚುಚ್ಚಿದ್ದು," ಎಂದಳು.

"ನಾನು ಈಗ ಚುಚ್ಚಕಿಲ್ಲ ಕಣವ್ವ. ನಾಗಮಂಗಲದಲ್ಲಿ ನಮ್ಮೋರೊಬ್ರು ಅವ್ರೆ, ಚೆನ್ನಾಗಿ ಚುಚ್ತಾರೆ. ಅಲ್ಲಿಗೋಗು."

"ಅಷ್ಟು ದೂರ ಯಾಕೋಗಾನ? ನಿಮ್ಮ ಕೈಗುಣ ಯಾರ್ಗದೆ?"

"ಅದೇ ಓಯ್ತು," ಎಂದ ಅಪ್ಪ. "ಕೈಗುಣ ಓಯ್ತು. ಮನೆ ಮಗೀಗೇ ಕೆಟ್ಟುದ್ ಮಾಡ್ದ ಕೈ ಇದು."

ಆಕೆ ನಾಗಮಂಗಲದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು ಹೋದಳು. ಪರದೆಯ ಈ ಕಡೆ ನನ್ನ ನೇರವಾದ ಮೂಗು ಇಟ್ಟುಕೊಂಡು ನಾನು ಕಾಳು ಬಿಡಿಸುತ್ತಲೇ ಇದ್ದೆ. ಅಂಥವರು ಆಮೇಲೆ ಎಷ್ಟು ಜನ ಬಂದು ಹೋದರೋ ನನಗೆ ಗೊತ್ತಿಲ್ಲ. ಬರುಬರುತ್ತಾ ಬರುವುದನ್ನೇ ಬಿಟ್ಟರು. ಜಗಲಿಯಲ್ಲಿ ಮಕ್ಕಳ ಅಳು ನಿಂತುಹೋಯಿತು.

ತೊಂಬತ್ತೇಳರಲ್ಲಿ ನನ್ನ ಮಗಳಿಗೆ ಹನ್ನೊಂದು ತಿಂಗಳು ತುಂಬಿತು. ಕಿವಿ ಚುಚ್ಚಿಸಬೇಕು. ಅಪ್ಪ ಎರಡು ವಾರ ಮೊದಲೇ ಹತ್ತಿಯ ನೂಲಿನಷ್ಟು ತೆಳ್ಳನೆಯ ಚಿನ್ನದ ತಂತಿ ಎಳೆದು ಎರಡು ಮುರುವು ಮಾಡಿಟ್ಟಿದ್ದ. ನಾನು ಮಗುವನ್ನು ಕರೆದುಕೊಂಡು ಹೋದರೆ ಪಂಚೆ ಉಟ್ಟು, ಚೀಲ ಹಿಡಿದು ಸಿದ್ಧವಾಗಿ ನಿಂತಿದ್ದ.

"ನಡಿ ಮಗ, ನಾಗಮಂಗಲದ ಬಸ್ಸು ಬಂದ್ಬುಡ್ತದೆ," ಎಂದ.

ಮುರುವು ಮಾಡಿದವನು ತಾನು, ತಾತ ತಾನು, ಚುಚ್ಚುವುದಕ್ಕೆ ಮಾತ್ರ ಮೊಮ್ಮಗಳನ್ನು ಪರರ ಹತ್ತಿರ ಎತ್ತಿಕೊಂಡು ಹೋಗಲು ಹೊರಟಿದ್ದ. ನನಗೆ ಇನ್ನು ನಿಲ್ಲಲಾಗಲಿಲ್ಲ. ಅಂಗಡಿಯ ಮಣೆಯ ಮೇಲೆ ಕೂತೆ. ಮಗು ನನ್ನ ತೊಡೆಯ ಮೇಲಿತ್ತು. ಹೇಳಿದೆ. ಜೋಡಿಸಿಟ್ಟುಕೊಂಡ ಮಾತು ಒಂದೂ ನೆನಪಾಗಲಿಲ್ಲ. ಗೆಣ್ಣು ತೆಗೆಸಿದ್ದು ನಾನು, ಕೇಳಿ ತೆಗೆಸಿದ್ದು, ಕಡ್ಡಿಯಿಂದ ಏನೂ ಆಗಲಿಲ್ಲ, ಆರು ತಿಂಗಳು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದನ್ನು ನಿನಗೆ ಮುಚ್ಚಿಟ್ಟೆ, ನಿನ್ನ ಕೈಯಲ್ಲಿ ತಪ್ಪಿರಲಿಲ್ಲ, ಯಾವತ್ತೂ ಇರಲಿಲ್ಲ.

ಅಪ್ಪ ಚೀಲ ಕೆಳಗಿಟ್ಟ. ನನ್ನ ಎದುರು ತನ್ನ ಜಾಗದಲ್ಲಿ ಕೂತ. ಬೈಯಲಿ ಎಂದು ಕಾದೆ. ಅಗ್ಗಿಷ್ಟಿಕೆಯ ಬೂದಿಯನ್ನು ಚಿಮ್ಮಟದಿಂದ ಕೆದಕಿದ.

"ಆ ಸೀರಂಗಪಟ್ಣದಮ್ಮ ಅಂದಿದ್ಕಾ?" ಎಂದು ಕೇಳಿದ.

ಹೌದೆಂದು ತಲೆಯಾಡಿಸಿದೆ.

"ನನ್ ಕೈಯಿಂದ ಆಯ್ತು ಅಂದ್ಕಂಡಿದ್ದೇ ವಾಸಿಯಾಗಿತ್ತು ಕಣ್ ಮಗ," ಎಂದ. "ನಮ್ಮವ್ವನ ಮೂಗು ನಿಂಗೆ ಬ್ಯಾಡವಾಗಿತ್ತು ಅನ್ನಾದ್ಕಿಂತ ಅದೇ ವಾಸಿಯಾಗಿತ್ತು."

ಅತ್ತೆ ಒಳಗಿನ ಬಾಗಿಲಿಗೆ ಬಂದು ನಿಂತಿದ್ದಳು. ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡಿದ್ದಳು. ಅಳುತ್ತಿದ್ದಳೋ, ಆ ಮೂಗನ್ನು ನನ್ನಿಂದ ಮರೆ ಮಾಡುತ್ತಿದ್ದಳೋ ನಾನು ಕೇಳಲಿಲ್ಲ.

ಅಪ್ಪ ಎದ್ದು, ಅಟ್ಟದಿಂದ ಡಬ್ಬಿ ಇಳಿಸಿದ. ಬಟ್ಟೆ ಬಿಚ್ಚಿ, ಸೂಜಿಯೊಂದನ್ನು ಆರಿಸಿ, ಬೆಂಕಿಗೆ ಹಿಡಿದು, ತಣ್ಣಗೆ ಮಾಡಿಕೊಂಡು ಬಂದ. ಮಗು ಎರಡು ಕಿವಿಗೂ ಒಂದೊಂದು ಸಲ ಕಿರುಚಿ ಅವನ ಹೆಗಲಿಗೆ ಆತುಕೊಂಡಿತು. ತಂತಿ ತಿರುಚಿ ಮುಗಿಸಿದ ಮೇಲೂ ಅಪ್ಪ ಮಗುವನ್ನು ನನ್ನ ಕೈಗೆ ಕೊಡಲಿಲ್ಲ. ಅದರ ಮೂಗಿನ ಮೇಲೆ ಒಂದು ಬೆರಳು ಇಟ್ಟು ಮೇಲಿನಿಂದ ಕೆಳಕ್ಕೆ ಸವರಿದ. ಹನ್ನೊಂದು ತಿಂಗಳ ಮೂಗು, ಇನ್ನೂ ಅಂಗಿಯ ಗುಂಡಿಯ ಹಾಗೆ ಇತ್ತು. ಏನಾಗುತ್ತದೆಂದು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

"ಇದ್ಕೇನಾರ ನಮ್ಮವ್ವನ ಮೂಗು ಬಂದ್ರೆ, ಚಂದಾಗದೆ ಅಂತ ಯೋಳು," ಎಂದ. "ಅವತ್ತು ಆಯಮ್ಮನಿಗೆ ಏನ್ಮಾಡಕಾಯ್ತದೆ ಅಂದ್ಬುಟ್ಟೆ. ಚಂದಾಗದೆ ಅನ್ಬೇಕಾಗಿತ್ತು. ನಿಂಗೂ ಒಂದಿನ ಯೋಳ್ನಿಲ್ಲ ನಾನು."

ನಾಲ್ಕು ವರ್ಷ ನನ್ನ ತಪ್ಪನ್ನು ಹೊತ್ತಿದ್ದ. ಅದನ್ನು ಇಳಿಸಲು ಬಂದವಳ ಎದುರಿಗೇ ಇನ್ನೊಂದನ್ನು ಎತ್ತಿಕೊಂಡ. ಇಲ್ಲಪ್ಪ, ಅದು ನಿನ್ನದಲ್ಲ ಎಂದು ನಾನು ಹೇಳುತ್ತಿದ್ದೆ, ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಕಿವಿ ಊದಿಕೊಳ್ಳದಿರಲಿ ಎಂದು ಮಗುವಿಗೆ ಅರಿಶಿನದೆಣ್ಣೆ ಹಚ್ಚುತ್ತಿದ್ದ.